ಐದರಿಂದ ಆರಕ್ಕೆ, ಏಳರಿಂದ ಎಂಟಕ್ಕೆ: ಘಟ್ಟದಂಚಿನ ಸರ್ಕಾರಿ ಶಾಲೆಯಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವ ಕೆಲಸ

ಸರ್ಕಾರಿ ಶಾಲೆಗೆ ಮಕ್ಕಳು ಬರುತ್ತಿಲ್ಲ ಎಂಬ ಮಾತು ಎದ್ದಾಗಲೆಲ್ಲ ಎಲ್ಲರ ಕಣ್ಣು ಹೋಗುವುದು ಒಂದನೇ ತರಗತಿಯ ಕಡೆಗೆ. ಶಿರಸಿ ತಾಲ್ಲೂಕಿನ ಘಟ್ಟದಂಚಿನ ನಮ್ಮಂಥ ಊರಿನಲ್ಲಿ ದಾಖಲಾತಿ ವಹಿಯನ್ನು ಎದುರಿಗಿಟ್ಟುಕೊಂಡು ಕೂತರೆ ಸೋರಿಕೆ ಇನ್ನೆರಡು ಕಡೆ ಕಾಣುತ್ತದೆ. ಐದು ಮುಗಿಸಿ ಆರಕ್ಕೆ ಹೋಗುವಾಗ ಒಮ್ಮೆ, ಏಳು ಮುಗಿಸಿ ಎಂಟಕ್ಕೆ ಹೋಗುವಾಗ ಇನ್ನೊಮ್ಮೆ. ಒಂದು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯವರು) ಸೇರಿ ಈ ಎರಡು ಜಾಗಗಳಲ್ಲಿ ಮಕ್ಕಳನ್ನು ಉಳಿಸಿಕೊಳ್ಳಲು ವರ್ಷದುದ್ದಕ್ಕೂ ಏನೇನು ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇವೆ. ಸಿದ್ದಾಪುರ, ಯಲ್ಲಾಪುರ, ಜೊಯಿಡಾದವರಿಗೂ, ಘಟ್ಟ ಇಳಿದರೆ ಕುಮಟಾ, ಅಂಕೋಲಾ, ಹೊನ್ನಾವರದ ಒಳಭಾಗದವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಇಲಾಖೆಯ ದಾಖಲಾತಿ ಆಂದೋಲನ ನಡೆಯುವುದು ಮೇ ಕೊನೆ, ಜೂನ್ ಮೊದಲಲ್ಲಿ. ಆರನೇ ತರಗತಿಯ ಮಟ್ಟಿಗೆ ಅಷ್ಟೊತ್ತಿಗೆ ಕೆಲಸ ಕೈಮೀರಿರುತ್ತದೆ. ಪೇಟೆಯ ಖಾಸಗಿ ಶಾಲೆಗಳು ಅರ್ಜಿ ಕೊಡಲು ಶುರುಮಾಡುವುದು ಬೇಸಿಗೆ ರಜೆಗೂ ಮೊದಲೇ. ಮುಂಗಡ ಕಟ್ಟಿದ ಮನೆಗೆ ಮೇನಲ್ಲಿ ಬ್ಯಾಂಡು ಬಾರಿಸುತ್ತ ಹೋದರೆ ಅವರು ಕಾಫಿ ಕೊಟ್ಟು ಕಳಿಸುತ್ತಾರೆ, ಮಗುವನ್ನಲ್ಲ. ಆದ್ದರಿಂದ ನಮ್ಮ ಕೆಲಸ ಶುರುವಾಗುವುದು ಫೆಬ್ರವರಿಯಲ್ಲಿ, ಅಡಿಕೆಯ ಕೊನೆಕೊಯ್ಲು ಮುಗಿಯುತ್ತ ಬಂದು ಮನೆಯ ಜನ ಕೂತು ಮಾತಾಡಲು ಸಿಗುವ ಹೊತ್ತಿಗೆ.

ಮೊದಲು ಪಟ್ಟಿ. ಆರನೇ ತರಗತಿಗೆ ಮಕ್ಕಳು ಬರುವುದು ನಮ್ಮದೇ ಐದರಿಂದ ಮತ್ತು ಸುತ್ತಲಿನ ಮಜಿರೆಗಳ (ಊರಿನ ಚಿಕ್ಕ ಕೇರಿಗಳ) ಕಿರಿಯ ಪ್ರಾಥಮಿಕ ಶಾಲೆಗಳಿಂದ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ, 6ರಿಂದ 8ಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಮೂರು ಕಿಲೋಮೀಟರ್ ಎಂದರೆ ಬಯಲುಸೀಮೆಯಲ್ಲಿ ಒಂದು ನೇರ ರಸ್ತೆ, ನಮ್ಮಲ್ಲಿ ಎರಡು ಗುಡ್ಡ, ನಡುವೆ ಒಂದು ಹಳ್ಳ. ಹಾಗಾಗಿ ಪಟ್ಟಿಯಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಬರೆದುಕೊಳ್ಳುವುದಿಲ್ಲ. ಮಗು ಮನೆಯಿಂದ ಶಾಲೆಗೆ ನಡೆದು ಬರಲು ಎಷ್ಟು ನಿಮಿಷ, ದಾರಿಯಲ್ಲಿ ಹಳ್ಳ ದಾಟಬೇಕೇ, ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಇದೆಯೇ, ಜೊತೆಗೆ ಬರುವ ಮಕ್ಕಳು ಎಷ್ಟು ಎಂದು ಬರೆದುಕೊಳ್ಳುತ್ತೇವೆ. ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಒಂದು ಮಜಿರೆಯಿಂದ ಮೂವರು ಬರುತ್ತಿದ್ದು, ಇಬ್ಬರು ಪೇಟೆ ಶಾಲೆಗೆ ಸೇರಿದರೆ ಮೂರನೆಯವಳನ್ನು ಒಂಟಿಯಾಗಿ ಕಾಡುದಾರಿಯಲ್ಲಿ ಕಳಿಸಲು ಯಾವ ತಾಯಿಯೂ ಒಪ್ಪುವುದಿಲ್ಲ. ಇಬ್ಬರನ್ನು ಕಳೆದುಕೊಂಡೆವು ಎಂದು ಲೆಕ್ಕ ಹಾಕುವಾಗ ಮೂವರು ಹೋಗಿರುತ್ತಾರೆ.

ಪಟ್ಟಿಯ ಪ್ರತಿ ಹೆಸರಿನ ಎದುರು ಸ್ಯಾಟ್ಸ್ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆ, ಮನೆಯಲ್ಲಿ ಆಡುವ ಭಾಷೆ, ಮತ್ತು ಮುಂದೆ ಎಲ್ಲಿಗೆ ಎಂಬ ಮನೆಯವರ ಉತ್ತರ ಇರುತ್ತದೆ. ಉತ್ತರಗಳನ್ನು ಬೇರೆ ಬೇರೆ ಇಡುತ್ತೇವೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಮುಂಡಗೋಡದ ನವೋದಯಕ್ಕೂ ಪ್ರವೇಶ ಆರನೇ ತರಗತಿಗೇ. ಪರೀಕ್ಷೆ ಬರೆದು ಅಲ್ಲಿಗೆ ಹೋಗುವ ಮಗುವನ್ನು ನಷ್ಟದ ಲೆಕ್ಕಕ್ಕೆ ಸೇರಿಸುವುದು ತಪ್ಪು, ತಡೆಯುವುದಂತೂ ಅನ್ಯಾಯ. ನವೋದಯದ ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅರ್ಧ ಅಂಕ ಬುದ್ಧಿಸಾಮರ್ಥ್ಯದ ಪ್ರಶ್ನೆಗಳಿಗೆ, ಉಳಿದರ್ಧ ಗಣಿತಕ್ಕೂ ಭಾಷೆಗೂ. ಅದಕ್ಕೆ ಮಕ್ಕಳನ್ನು ತಯಾರು ಮಾಡುವ ಶಾಲೆಗೆ ಊರಿನಲ್ಲಿ ಹೆಸರು ಬರುತ್ತದೆ, ಮತ್ತು ಆ ಮಗುವಿನ ತಮ್ಮ ತಂಗಿ ಇಲ್ಲಿಗೇ ಬರುತ್ತಾರೆ. ಪೇಟೆಯ ಖಾಸಗಿ ಶಾಲೆ ಎಂದು ಉತ್ತರ ಬಂದ ಮನೆಗಳಲ್ಲಿ ಮಾತ್ರ ನಮ್ಮ ಕೆಲಸ ಇರುವುದು. ಮನೆ ಬಿಟ್ಟು ಗೋವಾಕ್ಕೋ ಹುಬ್ಬಳ್ಳಿಗೋ ಕೆಲಸಕ್ಕೆ ಹೋಗುತ್ತೇವೆ ಎಂದವರ ವಿಷಯದಲ್ಲಿ ವರ್ಗಾವಣೆ ಪತ್ರ ಸರಿಯಾಗಿ ಕೊಟ್ಟು, ಮಗು ಅಲ್ಲಿ ಸೇರಿದ್ದನ್ನು ಖಚಿತಪಡಿಸಿಕೊಂಡರೆ ಸಾಕು.

ಖಾಸಗಿ ಎಂದವರ ಮನೆಯಲ್ಲಿ ಕೇಳಿಬರುವ ಕಾರಣ ಒಂದೇ, ಇಂಗ್ಲಿಷ್ ಮಾಧ್ಯಮ. ಇನ್ನೂ ಸ್ವಲ್ಪ ಹೊತ್ತು ಕೂತರೆ ಬೇರೆ ಪ್ರಶ್ನೆ ಹೊರಬರುತ್ತದೆ. "ಅಕ್ಕೋರೆ, ಈ ವರ್ಷನಾದ್ರೂ ಗಣಿತಕ್ಕೆ ಮಾಸ್ತರು ಬರ್ತ್ರಾ?" ಇಂಗ್ಲಿಷ್ ಬಗ್ಗೆ ಹೇಳಲು ನಮ್ಮ ಬಳಿ ಉತ್ತರವಿದೆ: 2007-08ರಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿದೆ, 2019-20ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ಆರರಿಂದ ಎಂಟರವರೆಗೆ ಗಣಿತ-ವಿಜ್ಞಾನಕ್ಕೆ ಯಾರಿದ್ದಾರೆ ಎಂಬ ಪ್ರಶ್ನೆಗೆ ಮಾತಿನ ಉತ್ತರ ನಡೆಯುವುದಿಲ್ಲ. ಶಿಕ್ಷಕರು ಇರಬೇಕು, ಇಲ್ಲವೇ ಬರುವ ದಾರಿ ಕಾಣಬೇಕು.

ಇಲ್ಲೇ ದಾಖಲಾತಿಯೂ ಕಲಿಕೆಯೂ ಒಂದಕ್ಕೊಂದು ಹೆಣೆದುಕೊಳ್ಳುವುದು. ಕಾಯ್ದೆಯ ಅನುಸೂಚಿಯ ಪ್ರಕಾರ 6ರಿಂದ 8ರವರೆಗೆ ತರಗತಿಗೊಬ್ಬ ಶಿಕ್ಷಕರಾದರೂ ಇರಬೇಕು, ಅವರಲ್ಲಿ ಗಣಿತ-ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು. 35 ಮಕ್ಕಳಿಗೆ ಒಬ್ಬ ಶಿಕ್ಷಕ ಎಂಬುದು ಅದರ ಜೊತೆಗಿನ ಇನ್ನೊಂದು ಲೆಕ್ಕ. ನಡೆಯುವುದು ಎರಡನೆಯ ಲೆಕ್ಕ. ಸ್ಯಾಟ್ಸ್‌ನಲ್ಲಿರುವ ಮಕ್ಕಳ ಸಂಖ್ಯೆ ನೋಡಿ ಹೆಚ್ಚುವರಿ ಶಿಕ್ಷಕರನ್ನು ಗುರುತಿಸಿ, ಕೌನ್ಸೆಲಿಂಗ್ ಮೂಲಕ ಬೇರೆಡೆಗೆ ಕಳಿಸುತ್ತಾರೆ. ಮಕ್ಕಳು ಕಡಿಮೆಯಾದರು ಎಂದು ಶಿಕ್ಷಕರು ಹೋಗುತ್ತಾರೆ, ಶಿಕ್ಷಕರು ಹೋದರು ಎಂದು ಉಳಿದ ಮಕ್ಕಳೂ ಹೋಗುತ್ತಾರೆ. ಹತ್ತೇ ಮಕ್ಕಳಿದ್ದರೂ ಓದಬೇಕಾದ ವಿಷಯಗಳು ಕಡಿಮೆಯಾಗುವುದಿಲ್ಲ ಎಂಬುದನ್ನು ಪ್ರತಿ ಸಭೆಯಲ್ಲೂ, ಪ್ರತಿ ಮನವಿಯಲ್ಲೂ ಅನುಸೂಚಿಯನ್ನು ಹೆಸರಿಸಿಯೇ ಬರೆಯಬೇಕು. ಬರಿದೇ 'ಶಿಕ್ಷಕರನ್ನು ಕೊಡಿ' ಎಂದು ಬರೆದ ಮನವಿಗೂ, ಯಾವ ವಿಷಯದ ಹುದ್ದೆ ಎಂದಿನಿಂದ ಖಾಲಿ, ಆ ತರಗತಿಗಳಲ್ಲಿ ಎಷ್ಟು ಮಕ್ಕಳು ಎಂದು ತಿಳಿಸಿದ ಮನವಿಗೂ ಸಿಗುವ ಗಮನ ಬೇರೆ.

ಹುದ್ದೆ ತುಂಬುವವರೆಗೆ ಅತಿಥಿ ಶಿಕ್ಷಕರು. ಅವರ ಆದೇಶ ಬರುವುದು ಶಾಲೆ ಶುರುವಾದ ಮೇಲೆ. ಆದೇಶ ಬಂದ ಮೇಲೆ ಅಭ್ಯರ್ಥಿ ಹುಡುಕಲು ಹೊರಟರೆ ಇನ್ನಷ್ಟು ದಿನ ಹೋಗುತ್ತದೆ. ಬಿ.ಎಸ್‌ಸಿ., ಬಿ.ಇಡಿ. ಮಾಡಿ ಊರಲ್ಲೇ ಇರುವವರು, ಮದುವೆಯಾಗಿ ಈ ಕಡೆಗೆ ಬಂದವರು ಯಾರಿದ್ದಾರೆ ಎಂದು ಏಪ್ರಿಲ್‌ನಲ್ಲೇ ವಿಚಾರಿಸಿ, ಅಂಕಪಟ್ಟಿಗಳ ನಕಲು ತರಿಸಿ ಇಟ್ಟುಕೊಂಡರೆ ಆದೇಶ ಬಂದ ವಾರದಲ್ಲೇ ತರಗತಿ ಶುರುವಾಗುತ್ತದೆ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ 2025-26ರಲ್ಲಿ ಎರಡು ಸಾವಿರ ಏರಿ ತಿಂಗಳಿಗೆ 12,000 ರೂಪಾಯಿ ಆಯಿತು. ಶಿರಸಿ ಪೇಟೆಯಿಂದ ಬಸ್ಸಿನಲ್ಲಿ ಬಂದುಹೋಗುವವರು ನಡುವೆ ಬಿಟ್ಟುಹೋಗುವ ಸಾಧ್ಯತೆ ಹೆಚ್ಚು. ಅರ್ಹತೆ ಸಮನಾಗಿದ್ದಲ್ಲಿ ನಡೆದು ಬರುವಷ್ಟು ಹತ್ತಿರ ಇರುವವರು ವರ್ಷಪೂರ್ತಿ ನಿಲ್ಲುತ್ತಾರೆ.

ಬಸ್ಸಿನ ವಿಷಯವನ್ನು ಹಗುರಾಗಿ ತೆಗೆದುಕೊಳ್ಳುವ ಹಾಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಪೇಟೆಗೆ ಹೋಗುವ ಬಸ್ಸು ಉಚಿತ, ಗಂಡುಮಕ್ಕಳಿಗೆ ಪಾಸು ಬೇಕು. ಹೀಗಾಗಿ ಪೇಟೆಯ ಶಾಲೆ ಹತ್ತಿರವಾಯಿತು. ಇದೇ ಬಸ್ಸು ನಮ್ಮ ಕಡೆಗೂ ಮಕ್ಕಳನ್ನು ತರಬಹುದು, ಸಮಯ ಹೊಂದಿದರೆ. ಬೆಳಿಗ್ಗೆ ಶಾಲೆಗೆ ಸರಿಯಾಗಿ ಬಂದು ಸಂಜೆ ಶಾಲೆ ಬಿಡುವ ಹದಿನೈದು ನಿಮಿಷ ಮೊದಲೇ ಹೊರಟುಹೋಗುವ ಬಸ್ಸಿನಿಂದ ಪ್ರಯೋಜನವಿಲ್ಲ. ವಾಯವ್ಯ ಸಾರಿಗೆಯ ಘಟಕಕ್ಕೆ ಕೊಡುವ ಅರ್ಜಿಯಲ್ಲಿ ಮಾರ್ಗದ ಹೆಸರು, ಈಗಿನ ಸಮಯ, ಬೇಕಾದ ಸಮಯ, ನಿಲ್ದಾಣವಾರು ಮಕ್ಕಳ ಸಂಖ್ಯೆ, ಶಾಲೆಯ ವೇಳಾಪಟ್ಟಿ, ಗ್ರಾಮ ಪಂಚಾಯ್ತಿಯ ಠರಾವಿನ ಪ್ರತಿ ಇಷ್ಟಿರಬೇಕು. ಹೊಸ ಬಸ್ಸು ಕೇಳಿದರೆ ಇಲ್ಲ ಎನ್ನುವ ಉತ್ತರ ಸುಲಭ. ಇರುವ ಬಸ್ಸನ್ನು ಇಪ್ಪತ್ತು ನಿಮಿಷ ಹಿಂದೆ ಮುಂದೆ ಮಾಡಿ ಎಂದರೆ ಘಟಕದ ಮಟ್ಟದಲ್ಲೇ ಮುಗಿಯುತ್ತದೆ. ಬಸ್ಸೇ ಹೋಗದ, ಶಾಲೆಯೂ ಇಲ್ಲದ ಮಜಿರೆಯ ಮಕ್ಕಳಿಗೆ ಸಮಗ್ರ ಶಿಕ್ಷಣ ಎಂಬ ಕೇಂದ್ರದ ಯೋಜನೆಯಲ್ಲಿ ಸಾರಿಗೆ ಭತ್ಯೆ ಇದೆ, ವರ್ಷಕ್ಕೆ ಮಗುವಿಗೆ 6,000 ರೂಪಾಯಿವರೆಗೆ. ಆ ಮಜಿರೆಯ ಹೆಸರು ಮುಂಚೆಯೇ ಯೋಜನೆಯಲ್ಲಿ ಸೇರಿರಬೇಕು, ಜೂನ್‌ನಲ್ಲಿ ಕೇಳಿದರೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಎಂಟನೇ ತರಗತಿಗೆ 2006-07ರಿಂದ ಸಿಗುತ್ತಿದ್ದ ಸೈಕಲ್ ಕೋವಿಡ್ ಕಾಲದಲ್ಲಿ ನಿಂತ ಮೇಲೆ ಏಳರಿಂದ ಎಂಟಕ್ಕೆ ದೂರದ ಪ್ರೌಢಶಾಲೆಗೆ ಹೋಗಬೇಕಾದ ಹುಡುಗರಿಗೆ ಪೆಟ್ಟಾಗಿದೆ. ಎಂಟನೇ ತರಗತಿ ಇರುವ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಇನ್ನೊಂದು ವರ್ಷ ಅಲ್ಲೇ ಓದಬಹುದು, ಏಳಕ್ಕೇ ನಿಲ್ಲುವ ಶಾಲೆಗಳಿಗೆ ಅದೂ ಇಲ್ಲ.

ಕಾಲುಸಂಕದ ಬಗ್ಗೆ ಒಂದು ಮಾತು. ಅಡಿಕೆ ಮರದ ದಬ್ಬೆ ಹಾಸಿದ ಸಂಕ ಒಂದು ಮಳೆಗಾಲಕ್ಕೆ ಬರುತ್ತದೆ, ಎರಡನೆಯದಕ್ಕೆ ಪಾಚಿ ಹಿಡಿದು ಜಾರುತ್ತದೆ. ಮೇ ತಿಂಗಳಲ್ಲಿ ಊರವರೆಲ್ಲ ಸೇರಿ ಹೊಸದು ಹಾಕುವಾಗ ಒಂದು ಕಡೆಯಲ್ಲಾದರೂ ಬಿದಿರಿನ ಕೈತಾಂಗು ಕಟ್ಟಿಸಬೇಕು, ಅದೂ ಹತ್ತು ವರ್ಷದ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ. ಶಾಶ್ವತ ಸೇತುವೆಗೆ ಲೋಕೋಪಯೋಗಿ ಇಲಾಖೆಯ ಶಾಲಾ ಸಂಪರ್ಕ ಸೇತು ಎಂಬ ಯೋಜನೆಯೇ ಮಲೆನಾಡಿಗೂ ಕರಾವಳಿಗೂ ಬಂದದ್ದಿದೆ. ಅರ್ಜಿಯ ಜೊತೆ ಆ ದಾರಿಯಲ್ಲಿ ಬರುವ ಮಕ್ಕಳ ಹೆಸರು, ತರಗತಿ, ಮಳೆಗಾಲದ ಗೈರುಹಾಜರಿಯ ಪ್ರತಿ ಇಟ್ಟರೆ ಅದಕ್ಕೆ ತೂಕ ಬರುತ್ತದೆ.

ಮನೆಭೇಟಿಗಿಂತ ಹೆಚ್ಚು ಕೆಲಸ ಮಾಡುವುದು ಫೆಬ್ರವರಿಯಲ್ಲಿ ಐದನೇ ತರಗತಿಯ ಪಾಲಕರನ್ನು ಒಂದು ಸಾಮಾನ್ಯ ದಿನ ಶಾಲೆಗೆ ಕರೆದು ಏಳು, ಎಂಟರ ತರಗತಿಯಲ್ಲಿ ಕೂರಿಸುವುದು. ವಾರ್ಷಿಕೋತ್ಸವ ನೋಡಿ ಯಾರೂ ಮಗುವನ್ನು ಸೇರಿಸುವುದಿಲ್ಲ. ಪಾಠ ನಡೆಯುವುದನ್ನು ನೋಡಿ, ಪಕ್ಕದ ಮನೆಯ ಹುಡುಗಿಯ ವಿಜ್ಞಾನದ ನೋಟ್‌ಪುಸ್ತಕವನ್ನು ತಿರುವಿಹಾಕಿ, ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂದು ತಾವೇ ನಲ್ಲಿ ತಿರುಗಿಸಿ ನೋಡಿದವರು ಮನಸ್ಸು ಬದಲಿಸುತ್ತಾರೆ. ಹೆಣ್ಣುಮಕ್ಕಳ ತಾಯಂದಿರು ಮೊದಲು ನೋಡುವುದು ಆ ನಲ್ಲಿಯನ್ನೇ. ಆರನೇ ತರಗತಿಯಿಂದ ಮೇಲೆ ನೀರಿಲ್ಲದ ಶೌಚಾಲಯ ಎಂದರೆ ತಿಂಗಳಲ್ಲಿ ನಾಲ್ಕು ದಿನ ಖಂಡಿತ ಗೈರುಹಾಜರಿ.

ಇನ್ನು ಕಾಗದಪತ್ರ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಡ್‌ಮಾಸ್ತರ ಹೆಚ್ಚಿನ ಹೊತ್ತು ಹೋಗುವುದು ಇದರಲ್ಲೇ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಕಾಯ್ದೆಯ 5ನೇ ಕಲಂ ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ, ಅದು 14ನೇ ಕಲಂ. ತೋಟದ ಕೆಲಸಕ್ಕೆ ಬಯಲುಸೀಮೆಯಿಂದ ಬರುವ ಕುಟುಂಬಗಳ ಮಕ್ಕಳಿಗೆ ಈ ಎರಡೂ ಕಲಂ ಮುಖ್ಯ, 4ನೇ ಕಲಂ ಇನ್ನೂ ಮುಖ್ಯ. ಹನ್ನೆರಡು ವರ್ಷದ ಮಗು ನಡುವೆ ಶಾಲೆ ಬಿಟ್ಟಿದ್ದರೂ ಅದನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ವಿಶೇಷ ತರಬೇತಿ ಕೊಡಬೇಕು. ನಾಲ್ಕನೇ ತರಗತಿಯ ಚಿಕ್ಕ ಮಕ್ಕಳ ನಡುವೆ ಅವನನ್ನು ಕೂರಿಸಿದರೆ ಒಂದು ವಾರವೂ ನಿಲ್ಲುವುದಿಲ್ಲ.

ಮಗು ನಮ್ಮ ಬೆಂಚಿನಲ್ಲಿ ಕೂತಮಾತ್ರಕ್ಕೆ ಲೆಕ್ಕಕ್ಕೆ ಸೇರಿತು ಎಂದಲ್ಲ. ಹಳೆಯ ಶಾಲೆ ಸ್ಯಾಟ್ಸ್‌ನಲ್ಲಿ ಬಿಡುಗಡೆ ಮಾಡಬೇಕು, ನಾವು ಪಡೆದುಕೊಳ್ಳಬೇಕು. ಕೇಂದ್ರದ ಶಾಲಾ ದಾಖಲೆಯ ಜಾಲತಾಣವಾದ ಯುಡೈಸ್ ಪ್ಲಸ್‌ನಲ್ಲೂ ಇದೇ ಆಗಬೇಕು. ಅಲ್ಲಿ ಹಳೆಯ ಶಾಲೆ ಬಿಟ್ಟ, ಹೊಸ ಶಾಲೆ ಪಡೆದುಕೊಳ್ಳದ ಮಗು ಡ್ರಾಪ್ ಬಾಕ್ಸಿಗೆ ಬೀಳುತ್ತದೆ, ಅಂದರೆ ದಿನವೂ ತರಗತಿಯಲ್ಲಿರುವ ಮಗು ದಾಖಲೆಯಲ್ಲಿ ಶಾಲೆ ಬಿಟ್ಟವರ ಸಾಲಿಗೆ ಸೇರುತ್ತದೆ. ಯುಡೈಸ್ ಲೆಕ್ಕದ ಆಧಾರ ದಿನಾಂಕ ಸೆಪ್ಟೆಂಬರ್ 30. ಅದಕ್ಕೆ ಮೊದಲು ಹಾಜರಿ ಪುಸ್ತಕ ಒಂದು ಕೈಯಲ್ಲಿ, ಪರದೆಯ ಪಟ್ಟಿ ಇನ್ನೊಂದು ಕಡೆ ಇಟ್ಟುಕೊಂಡು ಹೆಸರು ಹೆಸರಾಗಿ ತಾಳೆ ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಸಿಗ್ನಲ್ ಸಿಗುವ ಗುಡ್ಡದ ತಲೆಗೆ ಹೋಗಿ ಮೊಬೈಲಿನಲ್ಲೇ ಮಾಡಬೇಕಾಗಿ ಬಂದರೂ ಇದನ್ನು ಮುಂದೂಡಬಾರದು.

ತಾಳೆಯಾಗದಿರುವುದಕ್ಕೆ ಮುಖ್ಯ ಕಾರಣ ಹೆಸರು. ಶಾಲೆಯ ದಾಖಲೆಯಲ್ಲಿ ಗಣಪತಿ ಎಂಬ ಹೆಸರಿನ ಕೊನೆಯ ಅಕ್ಷರವನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಟಿ' ಮಾತ್ರ ಇದ್ದು, ಆಧಾರ್‌ನಲ್ಲಿ ಅದರ ಮುಂದೆ 'ಹೆಚ್' ಸೇರಿದ್ದರೆ ಮುಗಿಯಿತು. ಇನಿಶಿಯಲ್ ಹಿಂದೆಯೋ ಮುಂದೆಯೋ, ಹೆಗಡೆ, ನಾಯ್ಕ, ಗೌಡ, ಸಿದ್ದಿ ಎಂಬುದು ಹೆಸರಿನ ಜೊತೆ ಸೇರಿದೆಯೋ ಇಲ್ಲವೋ ಎಂಬುದೂ ಹಾಗೆಯೇ. ಜನನ ಪ್ರಮಾಣಪತ್ರದಲ್ಲಿ ಇದ್ದಂತೆಯೇ ಎಲ್ಲ ಕಡೆ ಎಂಬ ಒಂದೇ ನಿಯಮವನ್ನು ಐದನೇ ತರಗತಿಯಲ್ಲೇ ಜಾರಿಗೆ ತಂದರೆ ಮುಂದೆ ವಿದ್ಯಾರ್ಥಿವೇತನಕ್ಕೂ, ಹತ್ತನೇ ತರಗತಿಯ ಅಂಕಪಟ್ಟಿಗೂ ತೊಡಕಿಲ್ಲ. ಮಗುವಿಗೆ ಐದು ವರ್ಷವಾದಾಗ ಆಗಬೇಕಾದ ಆಧಾರ್ ಬೆರಳಚ್ಚು ಬಾಕಿ ಉಳಿದಿರುವುದು ಆರನೇ ತರಗತಿಗೆ ಬಂದಾಗ ಗೊತ್ತಾಗುವುದೂ ಉಂಟು. ವಿದ್ಯಾರ್ಥಿವೇತನದ ಅರ್ಜಿಗೆ ನಾಡಕಚೇರಿಯ ಜಾತಿ-ಆದಾಯ ಪತ್ರದ ಆರ್‌ಡಿ ಸಂಖ್ಯೆ ಬೇಕು, ಆದಾಯ ಪತ್ರದ ಅವಧಿ ಐದು ವರ್ಷ. ಉತ್ತರ ಕನ್ನಡದ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ತಂದೆಯ ಶಾಲಾ ದಾಖಲೆ ಇಲ್ಲದ ಮನೆಗಳಲ್ಲಿ ಪತ್ರ ಪಡೆಯಲು ಓಡಾಟ ಹೆಚ್ಚು, ಅದಕ್ಕೆ ಎಸ್‌ಡಿಎಂಸಿಯ ಒಬ್ಬರು ಜೊತೆಗೆ ಹೋಗಿಬರುವುದು ಒಳ್ಳೆಯದು.

ಹಣದ ಲೆಕ್ಕವೂ ತಲೆ ಎಣಿಕೆಯ ಮೇಲೆಯೇ ನಿಂತಿದೆ. ಸಮಗ್ರ ಶಿಕ್ಷಣದ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000 ರೂಪಾಯಿ. ಡ್ರಾಪ್ ಬಾಕ್ಸಿನಲ್ಲಿ ಒಂದು ಹೆಸರು ಉಳಿದು 31 ಇದ್ದದ್ದು 30 ಆದರೆ 15,000 ರೂಪಾಯಿ ಹೋಯಿತು. ಸೀಮೆಸುಣ್ಣ, ಕರೆಂಟು ಬಿಲ್ಲು, ಹೆಂಚು ಬದಲಿಸುವುದು, ಪ್ರಯೋಗದ ಸಾಮಾನು ಎಲ್ಲ ಅದರಲ್ಲೇ ಆಗಬೇಕಾದ ಶಾಲೆಗೆ ಇದು ಸಣ್ಣ ಮೊತ್ತವಲ್ಲ.

ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಕೆಲಸ. ಪೂರ್ವ ಪರೀಕ್ಷೆ, ಪರಿಹಾರ ಬೋಧನೆ, ಸಾಫಲ್ಯ ಪರೀಕ್ಷೆ ಎಂಬ ಕ್ರಮ ಎಲ್ಲ ಶಾಲೆಗಳಲ್ಲೂ ಒಂದೇ. ಆರನೇ ತರಗತಿಯ ಮಗುವನ್ನು ನಿಜವಾಗಿ ಅರಿಯಲು ನಾವು ಅದರ ಜೊತೆ ಇನ್ನೊಂದು ಕೆಲಸ ಮಾಡುತ್ತೇವೆ. ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿಕೊಂಡು ಎರಡನೇ ತರಗತಿಯ ಮಟ್ಟದ ಒಂದು ಭಾಗ, ಐದನೇ ತರಗತಿಯ ಮಟ್ಟದ ಒಂದು ಭಾಗ ಓದಿಸುತ್ತೇವೆ, ಮೂರು ಲೆಕ್ಕ ಮಾಡಿಸುತ್ತೇವೆ. ಓದುವಾಗ ಎಲ್ಲಿ ತಡವರಿಸುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಸಜಾತಿ ಒತ್ತಕ್ಷರ ಹೆಚ್ಚಿನವರಿಗೆ ಬರುತ್ತದೆ, ವಿಜಾತಿ ಒತ್ತಕ್ಷರದಲ್ಲಿ ಸಿಕ್ಕಿಬೀಳುತ್ತಾರೆ. ಅರ್ಕಾವತ್ತು ಬಂದಲ್ಲಿ 'ಸೂರ್ಯ' ಎಂಬುದು 'ಸೂಯರ್' ಆಗುತ್ತದೆ. ಮನೆಯಲ್ಲಿ ಕೊಂಕಣಿ, ಗೌಳಿಗರ ಮರಾಠಿ, ಉರ್ದು ಆಡುವ ಮಕ್ಕಳು ತಪ್ಪಿಲ್ಲದೆ ಓದಿ, ಓದಿದ್ದು ಏನೆಂದು ಹೇಳಲು ಬಾರದೆ ನಿಲ್ಲುವುದುಂಟು. ಇವೆರಡು ಬೇರೆ ಬೇರೆ ತೊಂದರೆ, ಪರಿಹಾರವೂ ಬೇರೆ. ಮೊದಲನೆಯದಕ್ಕೆ ದಿನವೂ ಹತ್ತು ನಿಮಿಷ ಗಟ್ಟಿಯಾಗಿ ಓದುವುದು ಸಾಕು. ಎರಡನೆಯದಕ್ಕೆ ಮೊದಲು ಮನೆಮಾತಿನಲ್ಲೇ ಹೇಳಲು ಬಿಟ್ಟು, ಆಮೇಲೆ ಕನ್ನಡಕ್ಕೆ ತರಬೇಕು.

ಲೆಕ್ಕದಲ್ಲಿ 1005ರಿಂದ 378 ಕಳೆಯಲು ಹೇಳಿದರೆ ಕೆಲವರು 1373 ಎಂದು ಬರೆಯುತ್ತಾರೆ. ಕಳೆದ ಮೇಲೆ ಮೊದಲಿನದಕ್ಕಿಂತ ಹೆಚ್ಚು ಉಳಿದದ್ದು ಹೇಗೆ ಎಂಬ ಪ್ರಶ್ನೆ ಅವರಿಗೆ ಬರುವುದಿಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿರುತ್ತಾರೆ, ಅಷ್ಟೆ. 612ನ್ನು 6ರಿಂದ ಭಾಗಿಸಿದರೆ 12 ಎನ್ನುವವರು ಇನ್ನೂ ಹೆಚ್ಚು. ಆರರಲ್ಲಿ ಆರು ಒಂದು ಸಲ, ಹನ್ನೆರಡರಲ್ಲಿ ಆರು ಎರಡು ಸಲ, ಉತ್ತರ 12. ನಡುವಿನ ಸೊನ್ನೆ ಕಾಣೆ. ಮಗ್ಗಿ ಬಾಯಿಪಾಠ ಮಾಡಿಸಿದರೆ ಇದು ಸರಿಹೋಗುವುದಿಲ್ಲ, ಮಗ್ಗಿ ಆ ಮಗುವಿಗೆ ಬರುತ್ತದೆ. ಕಾಗದದ ನೋಟು ಮಾಡಿ ಕೊಡುತ್ತೇವೆ: ನೂರರ ಆರು, ಹತ್ತರ ಒಂದು, ಒಂದರ ಎರಡು. ಆರು ಮಂದಿಗೆ ಹಂಚಲು ಹೇಳಿದರೆ ಪ್ರತಿಯೊಬ್ಬರಿಗೂ ನೂರರ ಒಂದು ನೋಟು ಸಿಗುತ್ತದೆ. ಹತ್ತರದ್ದು ಒಂದೇ ಇದೆ, ಆರು ಮಂದಿಗೆ ಹಂಚಲು ಬರುವುದಿಲ್ಲ. ಹತ್ತರ ಜಾಗದಲ್ಲಿ ಯಾರಿಗೂ ಏನೂ ಸಿಗಲಿಲ್ಲ ಎಂದು ಮಗು ತಾನೇ ಹೇಳಿದ ಕ್ಷಣ ಅಲ್ಲಿ ಸೊನ್ನೆ ಬರೆಸಬೇಕು. ಆ ಹತ್ತನ್ನು ಚಿಲ್ಲರೆ ಮಾಡಿಸಿದರೆ ಹನ್ನೆರಡು, ತಲೆಗೆ ಎರಡು, ಉತ್ತರ 102. ಈ ಒಂದು ತಪ್ಪು ತಿದ್ದದೆ ಮುಂದೆ ಹೋದರೆ ಏಳರ ದಶಮಾಂಶವೂ ಎಂಟರ ಬೀಜಗಣಿತವೂ ಕುಸಿಯುತ್ತವೆ. ಹತ್ತನೇ ತರಗತಿಯ ಗಣಿತದಲ್ಲಿ ಅನುತ್ತೀರ್ಣನಾದ ಎನ್ನುವ ಮಗು ನಿಜವಾಗಿ ತಪ್ಪಿದ್ದು ಐದರಲ್ಲಿ.

ಇಬ್ಬರೇ ಶಿಕ್ಷಕರಿದ್ದು 6, 7, 8 ಮೂರೂ ತರಗತಿ ನಡೆಸಬೇಕಾದಾಗ ವೇಳಾಪಟ್ಟಿಯಲ್ಲಿ ಗಣಿತದ ಪಠ್ಯಪಾಠವನ್ನು ಎರಡು ತರಗತಿಗೆ ಕೂಡಿಸಬಾರದು. ಸಮಾಜ ವಿಜ್ಞಾನ, ಭಾಷೆಯ ಗದ್ಯ, ದೈಹಿಕ ಶಿಕ್ಷಣವನ್ನು ಎರಡು ತರಗತಿಗೆ ಕೂಡಿಸಿ ಮಾಡಬಹುದು. ಗಣಿತಕ್ಕೆ ಮಾತ್ರ ಮೂರೂ ತರಗತಿಗೆ ಒಂದೇ ಅವಧಿ ಇಟ್ಟು, ಮಕ್ಕಳನ್ನು ತರಗತಿಯ ಬದಲು ಮಟ್ಟದ ಪ್ರಕಾರ ಕೂರಿಸಿದರೆ ಆರನೆಯವನೂ ಎಂಟನೆಯವನೂ ಒಂದೇ ಭಾಗಾಕಾರ ಕಲಿಯುತ್ತಾರೆ. ವಾರದಲ್ಲಿ ಎರಡು ಅವಧಿ ಹೀಗೆ, ಉಳಿದವು ಪಠ್ಯದ ಪಾಠಕ್ಕೆ. ಎಂಟನೆಯವನಿಗೆ ನಾಚಿಕೆಯಾಗದಂತೆ ಅವನ ಕೈಗೆ ಚಿಕ್ಕವರಿಗೆ ತೋರಿಸಿಕೊಡುವ ಕೆಲಸ ಕೊಡಬೇಕು.

ಫಲಿತಾಂಶವನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದು ಸಣ್ಣ ಶಾಲೆಗೆ ಮೋಸ. ಏಳು ಮಕ್ಕಳ ತರಗತಿಯಲ್ಲಿ ಒಬ್ಬ ಮಗು ಎಂದರೆ ಶೇಕಡಾ 14. ಆ ಒಬ್ಬ ಜ್ವರದಲ್ಲಿ ಮಲಗಿದರೆ ಶಾಲೆಯ ಸಾಧನೆ ಕುಸಿದಂತೆ, ಇಬ್ಬರು ಚುರುಕಿನವರು ಬಂದರೆ ಏರಿದಂತೆ ಕಾಣುತ್ತದೆ. 2024ರ ಡಿಸೆಂಬರ್ 4ರಂದು 3, 6, 9ನೇ ತರಗತಿಗಳಿಗೆ ನಡೆದ ಪರಖ್ ರಾಷ್ಟ್ರೀಯ ಸಮೀಕ್ಷೆ ಜಿಲ್ಲೆಯ ಚಿತ್ರ ಕೊಡಲೆಂದೇ ಇರುವುದು, ಅದರಿಂದ ಒಂದು ಶಾಲೆಯನ್ನು ಅಳೆಯಲಾಗದು. ಕಾರವಾರ, ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳು 2024, 2025ರ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದ ಮೊದಲ ಹತ್ತರೊಳಗೆ ಇದ್ದವು. ಹೆಮ್ಮೆಯ ಸಂಗತಿಯೇ, ಆದರೆ ಗೌಳಿವಾಡದ ಆರನೇ ತರಗತಿಯ ಹುಡುಗಿ ಎಲ್ಲಿದ್ದಾಳೆ ಎಂಬುದನ್ನು ಅದು ಹೇಳುವುದಿಲ್ಲ. ನಾವು ಇಡುವುದು ಮಗುವಿಗೊಂದು ಹಾಳೆ. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನದ ಜೊತೆ ಆ ಓದು-ಲೆಕ್ಕದ ಗುರುತು, ತಿಂಗಳ ಹಾಜರಿ, ಮೂರು ವರ್ಷದ್ದು ಒಂದೇ ಹಾಳೆಯಲ್ಲಿ. ಪಾಲಕರ ಸಭೆಯಲ್ಲಿ ಅಂಕಕ್ಕಿಂತ ಈ ಹಾಳೆಯನ್ನು ತೋರಿಸಿದರೆ ಓದುಬರಹ ಬಾರದ ತಾಯಿಗೂ ಅರ್ಥವಾಗುತ್ತದೆ: ಜೂನ್‌ನಲ್ಲಿ ಎಷ್ಟು ಸಾಲು ಓದಿದ್ದಳು, ಈಗ ಎಷ್ಟು ಓದಿದಳು.

ಹಾಜರಿ ಇಲ್ಲದೆ ಇದು ಯಾವುದೂ ನಡೆಯುವುದಿಲ್ಲ. 6ರಿಂದ 8ಕ್ಕೆ ವರ್ಷಕ್ಕೆ 220 ದಿನ, 1,000 ಗಂಟೆ ಬೋಧನೆ ಆಗಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯ ರಜೆ, ಅದನ್ನು ಶನಿವಾರ ಪೂರ್ತಿ ದಿನ ಮಾಡಿ ಸರಿದೂಗಿಸುತ್ತೇವೆ. ರಜೆ ಇಲ್ಲದ ದಿನವೂ ಬಾರದಿರುವುದಕ್ಕೆ ಒಂದು ಸಣ್ಣ ಕಾರಣವಿದೆ, ಒಣಗದ ಸಮವಸ್ತ್ರ. ಸಿಗುವುದು ಎರಡು ಜೊತೆ. ಎರಡೂ ಬಚ್ಚಲ ಒಲೆಯ ಮೇಲಿನ ಗಳದಲ್ಲಿ ಹೊಗೆ ಕುಡಿಯುತ್ತಿದ್ದರೆ ಮಗು ಮನೆಯಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಯಾವ ಬಟ್ಟೆಯಾದರೂ ಸರಿ ಎಂದು ಎಸ್‌ಡಿಎಂಸಿ ಠರಾವು ಮಾಡಿ ಪ್ರತಿ ಮನೆಗೂ ತಿಳಿಸಿದರೆ ಆ ಗೈರುಹಾಜರಿ ನಿಲ್ಲುತ್ತದೆ. ಚಳಿಗಾಲದ್ದು ಬೇರೆ ಕಥೆ. ಕೊನೆಕೊಯ್ಲಿನ ಹೊತ್ತಿಗೆ ಏಳು, ಎಂಟರ ಹುಡುಗರು ರಾತ್ರಿ ಅಡಿಕೆ ಸುಲಿಯಲು ಕೂತು ಬೆಳಿಗ್ಗೆ ಏಳುವುದಿಲ್ಲ, ಹುಡುಗಿಯರು ತಾಯಿ ತೋಟಕ್ಕೆ ಹೋದಾಗ ಚಿಕ್ಕವರನ್ನು ನೋಡಿಕೊಳ್ಳುತ್ತಾರೆ. ಚಿಕ್ಕವರನ್ನು ಅಂಗನವಾಡಿಗೆ ಬಿಟ್ಟು ಬರುವಂತೆ ಮಾಡಿದರೆ ಅಕ್ಕನ ಹಾಜರಿ ಉಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವಾರ ಪಾಠ ಮುಂದೆ ಓಡಿಸದೆ ಪುನರಾವರ್ತನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಏಳು ದಿನ ಕಾರಣವಿಲ್ಲದೆ ಬಾರದ ಮಗುವಿನ ಮನೆಗೆ ಹೋಗಬೇಕು ಎಂಬುದು ನಿಯಮ. ಆರನೇ ತರಗತಿಯ ಹೊಸ ಮಗುವಿನ ವಿಷಯದಲ್ಲಿ ನಾವು ಮೂರನೆಯ ದಿನವೇ ಹೋಗುತ್ತೇವೆ, ಏಳನೆಯ ದಿನಕ್ಕೆ ಆ ಮಗು ದನದ ಹಿಂದೆಯೋ ಗಾರೆ ಕೆಲಸದ ಹಿಂದೆಯೋ ಹೊರಟುಬಿಟ್ಟಿರುತ್ತದೆ.

ಏಳರಿಂದ ಎಂಟಕ್ಕೆ ಹೋಗುವ ದಾರಿಯಲ್ಲಿ ಬೇಕಾದದ್ದು ಪ್ರೌಢಶಾಲೆಯ ಜೊತೆಗಿನ ಸಂಪರ್ಕ. ನಮ್ಮಲ್ಲೇ ಎಂಟಕ್ಕೆ ನಿಲ್ಲುವವರ, ಪ್ರೌಢಶಾಲೆಗೆ ಹೋಗುವವರ ಪಟ್ಟಿಯನ್ನು ಮಾರ್ಚ್‌ನಲ್ಲೇ ಎರಡೂ ಶಾಲೆಗಳ ಮುಖ್ಯಸ್ಥರು ಕೂತು ಸಹಿ ಮಾಡಿಕೊಳ್ಳುತ್ತಾರೆ. ಮಗುವಿನ ಹಾಳೆಯ ಪ್ರತಿ ವರ್ಗಾವಣೆ ಪತ್ರದ ಜೊತೆಗೇ ಹೋಗುತ್ತದೆ. ಜೂನ್ ಎರಡನೇ ವಾರ ಆ ಪಟ್ಟಿ ಹಿಡಿದು ಫೋನು ಮಾಡಿ, ಸೇರದೆ ಉಳಿದವರು ಯಾರು ಎಂದು ಕೇಳುತ್ತೇವೆ. ಉಳಿದವರ ಮನೆಗೆ ಹೋಗುವುದು ನಮ್ಮವರೇ, ಏಕೆಂದರೆ ದಾರಿ ಗೊತ್ತಿರುವುದು ನಮಗೆ. ಸೆಪ್ಟೆಂಬರ್ 30ರ ಲೆಕ್ಕ ಮುಗಿದ ಮೇಲೆ ಸ್ಯಾಟ್ಸ್ ಪಟ್ಟಿಯ ಮುದ್ರಿತ ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ, ಎಸ್‌ಡಿಎಂಸಿ ಸಭೆಯಲ್ಲಿ ಓದಿ, ನಡವಳಿ ಪುಸ್ತಕದಲ್ಲಿ ತರಗತಿವಾರು ಸಂಖ್ಯೆ ಬರೆದು ಸಹಿ ಹಾಕಿಸುತ್ತೇವೆ. ಕಾಯ್ದೆಯ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಪಾಲಕರೇ, ಅರ್ಧದಷ್ಟು ಹೆಂಗಸರು. ಯಾವ ಮಜಿರೆಯ ಯಾವ ಮಗು ಪಟ್ಟಿಯಲ್ಲಿಲ್ಲ ಎಂದು ಅವರಿಗಿಂತ ಬೇಗ ಹೇಳುವವರು ಯಾರೂ ಇಲ್ಲ.